ಎರಡನೇ ಚಟ್ನಿ

ಉಪ್ಪು ಜಾಸ್ತಿ ಆಗೈತೆ ಅಂದೆ, ಅಷ್ಟೇ.
ಎರ್ರಿಸ್ವಾಮಿ ಜಾಲರಿ ಸೌಟು ಕೆಳಗಿಟ್ಟು
'ಹಂಗಾದ್ರೆ ನಿಮ್ಮನೇಲೇ ತಿನ್ನು' ಅಂದ.
ಜೀನ್ಸ್ ಹೊಲಿಯೋ ಹುಡುಗರೆಲ್ಲ ನಕ್ಕರು.
ವಗ್ಗರಣಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಒಂಬತ್ತು ದಿನ ಕೌಲ್‌ಬಜಾರ್ ಕಡೆ ತಲೆ ಹಾಕದೇ
ಬಳ್ಳಾರಿ ಎಲ್ಲಾ ತಿಂದೆ.

ಮೋತಿ ಸರ್ಕಲ್ ಹತ್ರ ಇಡ್ಲಿ ಮೆತ್ತಗೈತೆ,
ಆದ್ರೆ ಕುಂತ್ರೆ ಬೆನ್ನಿಗೇ ಇನ್ನೊಬ್ಬ ನಿಂತಿರ್ತಾನೆ
ನನ್ನ ತುತ್ತು ಎಣಿಸ್ತಾ.
ಸ್ಟೇಷನ್ ಎದುರಿನ ದೋಸೆಗೆ ಹೆಸರು ದೊಡ್ಡದು,
ನಡುವೆ ಬೆಂದಿರಲ್ಲ.
ಹುಲಿಗೆಮ್ಮನ ಬಂಡೀಲಿ ಪೂರಿ ಉಬ್ಬೋ ತನಕ
ಸೊಸೆ ಸುದ್ದಿ ಕೇಳ್ಬೇಕು;
ಪೂರಿ ಎರಡು, ಸುದ್ದಿ ಐದು.
ಖಾಸಿಂಸಾಬರ ಚಾಕ್ಕೆ ನನ್ನ ತಕರಾರಿಲ್ಲ,
ಬರೀ ಚಾ ಮೇಲೆ ಮನುಷ್ಯ ಎಷ್ಟು ಹೊತ್ತು ಇರ್ತಾನೆ?
ಹೊಸಾ ಏಸಿ ಹೋಟ್ಲಲ್ಲಿ ಮಿರ್ಚಿನ
ಬಿಳೀ ಕಾಗದದಾಗೆ ಸುತ್ತಿ ತಂದರು,
ಈಗಷ್ಟೇ ಹುಟ್ಟಿದ ಕೂಸು ತಂದಂಗೆ.
ಶೇಂಗಾ ಚಟ್ನಿ ಎರಡನೇ ಸಲ ಕೇಳಿದೆ.
ಹುಡುಗ ಮ್ಯಾನೇಜರ್ ಮುಖ ನೋಡಿದ,
ಮ್ಯಾನೇಜರ್ ಬೋರ್ಡು ನೋಡಿದ.
ಹನ್ನೆರಡು ರೂಪಾಯಿ.

ಕೊಟ್ಟೆ. ಸುಳ್ಳ್ಯಾಕೆ, ಚಟ್ನಿ ಚೆನ್ನಾಗಿತ್ತು.

ಹತ್ತನೇ ದಿನ, ಬೆಳಿಗ್ಗೆ ಏಳಕ್ಕೇ
ಬಿಸಿಲು ಶೆಟರಿಗೆ ಒರಗಿ ನಿಂತಿತ್ತು.
ಅದೇ ಬೆಂಚು, ಒಂದು ಕಾಲಿಗೆ ಇಟ್ಟಂಗಿ.
ಎರ್ರಿಸ್ವಾಮಿ ಮಾತಾಡಲಿಲ್ಲ, ನಾನೂ.
ನೆನೆದ ಮಂಡಕ್ಕಿ ಹಿಂಡಿ ಬಾಣಲೆಗೆ ಹಾಕಿ
ಮೇಲೆ ಪುಟಾಣಿ ಹಿಟ್ಟು ಉದುರಿಸಿ,
ಮಿರ್ಚಿ ಎರಡಿಟ್ಟು ಪ್ಲೇಟು ನೂಕಿದ.
ಒಂದು ಸೌಟು ಚಟ್ನಿ.
ಮುಂದಕ್ಕೆ ಹೋದವ ತಿರುಗಿ ಬಂದು,
ಕೇಳದೇ,
ಇನ್ನೊಂದು.

ಉಪ್ಪು ಇವತ್ತೂ ಒಂದು ಹರಳು ಜಾಸ್ತಿ.
ನೀರಿನ ಜಗ್ಗು ಈ ಕಡೆ ತಳ್ಳು ಅಂದೆ.