ಸ್ವಭಾವದ ಕಾಲಮ್ಮು

ವರ್ಷಕ್ಕೊಮ್ಮೆ ನನ್ನ ಮೇಜಿಗೆ ಬರುತ್ತದೆ
ಇನ್ನೂರ ಹದಿನಾಲ್ಕು ಮಂದಿಯ ಫಾರಮ್ಮು.
ಹೆಸರು, ಪಾಸ್‌ಪೋರ್ಟು, ರಕ್ತದ ಗುಂಪು,
ಕಟ್ಟಕಡೆಗೊಂದು ಕಾಲಮ್ಮು: ಸ್ವಭಾವ.
ಒಂದೇ ಪದ ಹಿಡಿಯುವಷ್ಟು ಜಾಗ.

ಖೋರ್ ಖ್ವೇರಿನ ಕಲ್ಲುಕೋರೆಯಲ್ಲಿ ನಾನು ಟೈಮ್‌ಕೀಪರು.
ಬೆಟ್ಟ ಪುಡಿಯಾಗಿ ಬೆಲ್ಟಿನ ಮೇಲೆ
ಬಂದರಿಗೆ ಇಳಿಯುವುದನ್ನು ಹತ್ತೊಂಬತ್ತು ವರ್ಷ
ನಿಮಿಷ ನಿಮಿಷವಾಗಿ ಬರೆದಿದ್ದೇನೆ.
ಮನುಷ್ಯರನ್ನೂ ಅಷ್ಟೇ ಸಲೀಸಾಗಿ ಬರೆಯುತ್ತಿದ್ದೆ:
ಸೌಮ್ಯ. ಮುಂಗೋಪಿ. ಸೋಮಾರಿ.
ಸಿಪ್ರಿ ಲೋಬೋನ ಮುಂದೆ ಪ್ರತಿವರ್ಷವೂ: ಕಳ್ಳ.
ಕದ್ದದ್ದೇನು? ಕ್ಯಾಂಪಿನ ಫ್ರಿಜ್ಜಿನಿಂದ ನನ್ನ ಮಾವಿನ ಮಿಡಿ,
ಯಾರದೋ ಬ್ಲೇಡು,
ಒಮ್ಮೆ ಒಂದು ಎಡಗಾಲಿನ ಬೂಟು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ,
ಸುಡುವುದೆಂದರೇನು ಅಂತ ಆ ಗಾದೆ ಕಟ್ಟಿದವನಿಗೆ ಗೊತ್ತಿತ್ತೆ?
ಆಗಸ್ಟಿನಲ್ಲಿ ಬಂದು ನಮ್ಮ ನೀರಿನ ಕೂಲರಿನ ಸಾಲಲ್ಲಿ ನಿಲ್ಲಲಿ.
ಡಿಸೆಂಬರಿನಲ್ಲಿ ನೀನು ಮೊದಲು, ನೀನು ಮೊದಲು ಎಂದ ಬಾಯಿಗಳಿಗೇ
ಮೊಣಕೈ ಮೊಳೆಯುತ್ತದೆ.
ಸೌಮ್ಯ ಎಂದು ಬರೆಸಿಕೊಂಡ ಜೇವರ್ಗಿಯ ಯಲ್ಲಾಲಿಂಗ
ಮೆಸ್ಸಿನ ಮುದುಕನ ಬಾಟಲಿ ಒದ್ದ.
ರಾತ್ರಿ ಅದೇ ಮುದುಕನ ಕಾಲಿಗೆ ಎಣ್ಣೆ ತಿಕ್ಕಿದ.
ಯಾವುದನ್ನು ಬರೆಯಲಿ?

ಬೇಸಿಗೆಗೆ ಇಲ್ಲೊಂದು ಕಾನೂನು:
ಹನ್ನೆರಡೂವರೆಯಿಂದ ಮೂರರವರೆಗೆ
ಬಿಸಿಲಲ್ಲಿ ಯಾರೂ ದುಡಿಯಕೂಡದು.
ಆ ದಿನ ಬಂದರಿನಲ್ಲಿ ಹಡಗು ಕಾಯುತ್ತಿತ್ತು.
ಹಡಗಿನ ಹಿಂದೆ ಬಾಡಿಗೆ, ಬಾಡಿಗೆಯ ಹಿಂದೆ ಯಾರೋ,
ಅವರ ಫೋನಿನ ತುದಿಗೆ ಫೋರ್‌ಮನ್ ಬಶಾರತ್,
ಬಶಾರತನ ಮುಂದೆ ನಾನು, ನನ್ನ ಮುಂದೆ ರಿಜಿಸ್ಟರು.
ಕೆಟ್ಟವನಲ್ಲ ಬಶಾರತ್,
ನನ್ನ ಮಗಳ ಮದುವೆಗೆ ಕೇಳದೆ ಸಾಲ ಕೊಟ್ಟವನು.
ಎರಡೂಕಾಲಿಗೆ ಶುರುವಾದ ಕೆಲಸಕ್ಕೆ
ಮೂರು ಅಂತ ಬರೆ ಎಂದ. ಗದರಿಸಲಿಲ್ಲ.
ಹಿಂದೆ ನಿಂತಿದ್ದ, ಅಷ್ಟೆ.
ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.
ಬರೆದೆ. ಅಕ್ಷರ ಎಂದಿನಂತೆ ದುಂಡಗೇ ಬಂತು.

ಎರಡು ನಲವತ್ತಕ್ಕೆ ರಂಗ್‌ಪುರದ ಮೊಫಿಜುಲ್ ಬಿದ್ದ.
ರಿಜಿಸ್ಟರಿನ ಪ್ರಕಾರ
ವಿಶ್ರಾಂತಿ ಪಡೆಯುತ್ತ ಬಿದ್ದ.

ನಾನು ಸೇಸಪ್ಪ. ಹನ್ನೊಂದು ವರ್ಷದವನಿದ್ದಾಗ
ಹಳೆಯಂಗಡಿಯ ಪೈಗಳ ಅಂಗಡಿಯಲ್ಲಿ
ಚಿಲ್ಲರೆಯ ಜೊತೆ ಹೆಚ್ಚು ಬಂದ ಹತ್ತು ರೂಪಾಯಿ ತಿರುಗಿ ಕೊಟ್ಟವನು.
ಅಂದಿನಿಂದ ಊರಿಗೆಲ್ಲ ನಾನು ಸತ್ಯವಂತ.
ಆ ಹೆಸರು ತೊಟ್ಟೇ ವಿಮಾನ ಹತ್ತಿದ್ದು.
ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಅಂಗಡಿ ಮತ್ತೆ ಕಣ್ಣಿಗೆ ಕಟ್ಟಿತು:
ಬೆಲ್ಲದ ಡಬ್ಬ, ತಕ್ಕಡಿ, ಅದರಾಚೆ ಉದ್ದನೆಯ ಕನ್ನಡಿ,
ಕನ್ನಡಿಯೊಳಗೆ
ಬೀದಿಯಲ್ಲಿ ಸೈಕಲ್ ಹಿಡಿದು ನಿಂತ ಅಪ್ಪ.
ನನ್ನ ಕೈಯನ್ನೇ ನೋಡುತ್ತಿದ್ದ.
ಇಷ್ಟು ವರ್ಷ ಈ ಕನ್ನಡಿ ಎಲ್ಲಿಗೆ ಹೋಗಿತ್ತು?

ಡಾಕ್ಟರು ಕೇಳಿದರು: ಎಷ್ಟು ಹೊತ್ತಿನಿಂದ ಬಿಸಿಲಲ್ಲಿದ್ದ?
ಬಶಾರತ್ ಇದ್ದ, ನಾನಿದ್ದೆ, ಸಿಪ್ರಿ ಇದ್ದ.
ಒಂದೇ ಗೋಡೆ, ಒಂದೇ ಟ್ಯೂಬ್‌ಲೈಟು,
ಮೂವರಿಗೂ ಒಂದೇ ಸಂಬಳದ ಹೆದರಿಕೆ.
ಎರಡೂಕಾಲಿನಿಂದ, ಅಂದ ಸಿಪ್ರಿ.
ಅಂದವನೇ ಗೋಡೆಯ ಡಬ್ಬಿಯಿಂದ
ಎರಡು ಜೊತೆ ಕೈಗವಸು ಎಳೆದು ಜೇಬಿಗಿಳಿಸಿದ.

ಟಿಕೆಟ್ ಆಗಲೇ ಕೈಯಲ್ಲಿತ್ತು, ಅವನಿಗೇನು ಕಳೆಯುವುದು,
ಅಂದರು ಕೆಲವರು. ಇರಲಿಲ್ಲ ಅಂದರು ಕೆಲವರು.
ಫೈಲು ತೆಗೆದರೆ ತಿಳಿಯುತ್ತದೆ,
ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲೇ ಇದೆ.
ತೆಗೆದಿಲ್ಲ.

ಈ ವರ್ಷದ ಫಾರಮ್ಮು ಬಂದಿದೆ.
ಸಿಪ್ರಿಯ ಕಾಲಮ್ಮು ಖಾಲಿ. ಯಲ್ಲಾಲಿಂಗನದಕ್ಕೆ
ತಿಂಗಳ ಹೆಸರು ಬರೆದು ಹೊಡೆದುಹಾಕಿದ್ದೇನೆ.
ನನ್ನದನ್ನು ತುಂಬುವವನು ಬಶಾರತ್.
ಪ್ರಾಮಾಣಿಕ ಎಂದು ಬರೆದಿದ್ದಾನೆ, ಕೆಳಗೆ ಗೆರೆ ಬೇರೆ.

ಐದನೆಯ ದಿನ ಮೊಫಿಜುಲ್ ಕಣ್ಣು ಬಿಟ್ಟಿದ್ದ.
ನನ್ನ ಗುರುತು ಹಿಡಿದು, ಒಣಗಿದ ನಾಲಿಗೆಯಲ್ಲಿ,
ಟೈಮ್ ಬಾಬು, ಗಂಟೆ ಎಷ್ಟು? ಅಂದಿದ್ದ.
ನಾನು ಮೊದಲು ಹಿಂದೆ ತಿರುಗಿ ನೋಡಿದೆ.
ಆಮೇಲೆ ಗಡಿಯಾರ.