ಚಾರ್ಜು ಕೊಡುವ ದಿನ

ಬನ್ನಿ ಮೇಡಂ, ಇದೇ ಗಣಿತದ ಬೀರು.
ಬೀಗದ ಕೈ ಎಡಕ್ಕೆ ತಿರುಗಬೇಕು, ಬೇರೆ ಬೀಗಗಳ ಹಾಗಲ್ಲ.
ಯಾಕೆಂದು ಇಪ್ಪತ್ತಾರು ವರ್ಷದಲ್ಲಿ ನನಗೆ ತಿಳಿದಿಲ್ಲ.

ಪಟ್ಟಿಯಲ್ಲಿ ಇರುವುದಿಷ್ಟು:
ಮರದ ಕೋನಮಾಪಕ ಒಂದು, ತೊಂಬತ್ತರ ಹತ್ತಿರ ಗೆದ್ದಲು ತಿಂದದ್ದು;
ಕೈವಾರ ಎರಡು, ಒಂದಕ್ಕೆ ಮೊಳೆಯಿಲ್ಲ
(ಕೈವಾರ ಅಂದರೆ ನಮ್ಮ ಮಕ್ಕಳಿಗೆ ಮೊದಲು ಊರು, ಆಮೇಲೆ ವೃತ್ತ);
ಹುಣಸೆಬೀಜ ಒಂದು ಡಬ್ಬ,
ಪ್ರತಿ ಜೂನಿನಲ್ಲೂ ಎಣಿಸಿದ್ದೇವೆ, ಪ್ರತಿ ಸಲವೂ ಬೇರೆ ಲೆಕ್ಕ.
ಇಲ್ಲಿ ಸಹಿ ಹಾಕಿ.

ಪಟ್ಟಿಯಲ್ಲಿ ಇಲ್ಲದ್ದನ್ನೂ ಒಪ್ಪಿಸಬೇಕು.

ರುಖಿಯಾ ಅಂತ ಒಬ್ಬಳಿದ್ದಳು, ಏಳನೇ ತರಗತಿ, ಬಿ ವಿಭಾಗ.
ಎಂಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ರೇಷ್ಮೆ,
ತೊಂಬತ್ತಾರು ಕೆ.ಜಿ. ಗೂಡಿಗೆ ಎಷ್ಟು?
ಶಿಡ್ಲಘಟ್ಟದ ಮಕ್ಕಳಿಗೆ ಶಿಡ್ಲಘಟ್ಟದ್ದೇ ಲೆಕ್ಕ ಕೊಟ್ಟೆನೆಂದು
ಒಳಗೊಳಗೇ ಬೀಗಿದ್ದೆ.
ಅವಳು ಬರೆದದ್ದು ನಾಲ್ಕೇ ಸಂಖ್ಯೆ, ಒಂದರ ಕೆಳಗೊಂದು:
ತೊಂಬತ್ತಾರು
ನಲವತ್ತೆಂಟು
ಇಪ್ಪತ್ತನಾಲ್ಕು
ಹನ್ನೆರಡು.
ತ್ರೈರಾಶಿಯಿಲ್ಲ, 'ಆದ್ದರಿಂದ' ಇಲ್ಲ,
ಉತ್ತರದ ಕೆಳಗೆ ಜೋಡಿ ಗೆರೆಯಿಲ್ಲ.
ಕೆಂಪು ಶಾಯಿಯಲ್ಲಿ ಹೊಡೆದುಹಾಕಿ
'ಕ್ರಮ ಎಲ್ಲಿ?' ಎಂದು ಬರೆದೆ.
ಪಕ್ಕದವಳದ್ದು ನೋಡಿ ಬರೆದಿದ್ದಾಳೆ ಎಂದೂ ಅಂದುಕೊಂಡೆ.
ಜಗಳಕ್ಕೆ ಬರಲಿಲ್ಲ ಅವಳು. ಬಂದಿದ್ದರೆ ಚೆನ್ನಿತ್ತು.

ಆ ಬೇಸಿಗೆ ಗಣತಿಯ ಡ್ಯೂಟಿಯಲ್ಲಿ
ಅವರ ರೀಲಿಂಗ್ ಶೆಡ್ಡಿಗೆ ಕಾಲಿಟ್ಟೆ.
ಬೇಯುವ ಗೂಡಿನ ವಾಸನೆ, ಹಬೆಗೆ ಕನ್ನಡಕ ಮಂಜಾಯಿತು.
ಒರೆಸಿಕೊಂಡು ನೋಡಿದರೆ
ಅವಳ ಅಮ್ಮ ಸಿಮೆಂಟು ನೆಲಕ್ಕೆ ಗೂಡು ಸುರಿದು
ಅಂಗೈಯಂಚಿನಿಂದ ನಡುವೆ ಸೀಳುತ್ತಿದ್ದಳು.
ಗುಡ್ಡೆ ಎರಡಾಯಿತು, ನಾಲ್ಕಾಯಿತು, ಎಂಟಾಯಿತು,
ಎಂಟು ಬೇಸಿನ್ನಿಗೆ ಎಂಟು ಗುಡ್ಡೆ.
ತಕ್ಕಡಿಯನ್ನು ಅವಳು ಕರೆಯಲೇ ಇಲ್ಲ.
ನಾನು ಕೇಳಿದ್ದ ಕ್ರಮ, ಮೇಡಂ,
ಅಲ್ಲಿ ನೆಲದ ಮೇಲೆ ಬಿದ್ದಿತ್ತು.

ಶಾಲೆ ತೆರೆದ ದಿನವೇ ಆ ನೋಟ್‌ಬುಕ್ ಕೇಳಿದೆ.
'ತೂಕಕ್ಕೆ ಹಾಕಿಬಿಟ್ಟೆವು ಸಾರ್' ಅಂದಳು.
ಯಾವ ಅಂಗಡಿಯಲ್ಲಿ ಕಡ್ಲೆಪುರಿ ಕಟ್ಟಿದರೋ ಅದರಲ್ಲಿ.
ಆ ಕೆಂಪು ಗೆರೆಯನ್ನು ಅಳಿಸಲಾಗಲಿಲ್ಲ,
ಅದೂ ಚಾರ್ಜಿಗೆ ಸೇರಿದೆ.

ಆಮೇಲೆ ಬದಲಾದೆ, ಪೂರ್ತಿಯಾಗಿ ಅಲ್ಲ.
'ಇದು ಸುಲಭ' ಅನ್ನುವ ಮಾತು ಬಿಟ್ಟೆ.
ಲೆಕ್ಕ ಬರುವ ಮಗುವಿಗೆ ಅದು ಬೇಕಿಲ್ಲ,
ಬಾರದ ಮಗುವಿಗೆ ಅದು ಬಾಸುಂಡೆ.
ತಪ್ಪು ಉತ್ತರ ಬಂದರೆ ಬೋರ್ಡಿನ ಮೇಲೆ ಸ್ವಲ್ಪ ಹೊತ್ತು ಕೂರಿಸುತ್ತೇನೆ;
ನೆಂಟರನ್ನು, ಎಲ್ಲಿಂದ ಬಂದಿರಿ ಎಂದೂ ಕೇಳದೆ, ಕಳಿಸುತ್ತಾರೆಯೇ?
ಅರ್ಧಕ್ಕೆ ಅರ್ಧ ಕೂಡಿಸಿ ನಾಲ್ಕನೇ ಎರಡು ಅಂದವನು
ಆ ನಾಲ್ಕನೇ ಎರಡೂ ಅರ್ಧವೇ ಎಂದು ತಾನೇ ಕಂಡು
ತಲೆ ಕೆರೆದುಕೊಳ್ಳುವುದು ನೋಡಲು ಚೆಂದ,
ಗಡಿಯಾರದ ಕಡೆ ನೋಡದಿದ್ದರೆ.

ಮಗ್ಗಿ ಬೇಡವೆಂದು ತರಬೇತಿಯಲ್ಲಿ ಹೇಳಿದರು. ನಾನು ಹೇಳಿಸುತ್ತೇನೆ.
ಆದರೆ ಹನ್ನೆರಡರದ್ದು ಮರೆತವಳು
ಹತ್ತರದ್ದಕ್ಕೆ ಎರಡರದ್ದು ಸೇರಿಸಿಕೊಂಡು ಬಂದರೆ
ಗೋಡೆ ಹಾರಿ ಬಂದೆಯಾ ಅನ್ನುವುದಿಲ್ಲ.

ಕಿಟಕಿ ಪಕ್ಕ ಕೂರುತ್ತಿದ್ದ ಮುನೇಂದ್ರ ಒಮ್ಮೆ ಕೇಳಿದ್ದ,
ಸೊನ್ನೆ ಸಮವೋ ಬೆಸವೋ ಸಾರ್?
'ಪರೀಕ್ಷೆಗೆ ಬರಲ್ಲ, ಕೂತ್ಕೋ' ಅಂದೆ.
ಕೂತ. ಹತ್ತನೇ ತರಗತಿ ಮುಗಿಯುವವರೆಗೂ ಕೂತೇ ಇದ್ದ.

ಬೀಗದ ಕೈ ಹಿಡಿಯಿರಿ. ಎಡಕ್ಕೆ.
ಯಾಕೆ ಎಡಕ್ಕೆ ಎಂದು ಯಾವುದಾದರೂ ಮಗು ಕೇಳೇ ಕೇಳುತ್ತದೆ.
ಗೊತ್ತಿಲ್ಲ ಅನ್ನಿ, ಗಟ್ಟಿಯಾಗಿ, ಎಲ್ಲರ ಮುಂದೆ.
ಆಮೇಲೆ ಬೀಗ ಬಿಚ್ಚಲು ಬಿಡಿ.
ಸ್ಕ್ರೂಡ್ರೈವರು ಕೆಳಗಿನ ಖಾನೆಯಲ್ಲಿದೆ,
ಪಟ್ಟಿಯಲ್ಲಿ ಬರೆದಿಲ್ಲ.