ಹಿಂದೆ ಬರೆದ ಚಿಲ್ಲರೆ

ಚೀಟಿ ಎತ್ತಿದ್ದು ಹದಿನೆಂಟೂವರೆ ಸಾವಿರ.
ಅಷ್ಟರೊಳಗೆ ಒಂದು ಕಂಪ್ಯೂಟರು ಆಗಬೇಕು.
ಚಿಂತಾಮಣಿ ಜೋಡಿ ರಸ್ತೆ, ಟೈರಂಗಡಿ ಪಕ್ಕ,
ಷಬ್ರೀನಳ ಅಂಗಡಿಯ ಸ್ಟೂಲಿನ ಮೇಲೆ ಕೂತೆ,
ತೊಡೆಯ ಮೇಲೆ ಹಳೇ ಚರ್ಮದ ಚೀಲ.
ಮೂವತ್ತೊಂದು ವರ್ಷ ಹೆಗಲಿಗಿದ್ದದ್ದು,
ಡಿಪೋಗೆ ವಾಪಸು ಕೊಡಬೇಕಿತ್ತು, ಕೊಟ್ಟಿಲ್ಲ.

"ಏನು ಕೆಲಸಕ್ಕೆ ಅಂಕಲ್?" ಕೇಳಿದಳು ಮೊದಲು.
ಯಾವ ಸ್ಟಾಪು ಅಂತ ಕೇಳದೆ ಟಿಕೆಟ್ ಹರಿಯುವವಳಲ್ಲ.
ಇಷ್ಟವಾಯಿತು.

ನನಗಲ್ಲಮ್ಮ, ಮುನಿರತ್ನಮ್ಮನಿಗೆ.
ಸಂಘದ ಹದಿನೇಳು ಹೆಂಗಸರ ಲೆಕ್ಕ ಅವಳದೇ:
ಯಾರು ವಾರ ಕಟ್ಟಿದರು, ಯಾರು ಹಸುವಿಗೆ ಸಾಲ ತೆಗೆದರು,
ಯಾರು ಕಟ್ಟದೆಯೇ ಕಟ್ಟಿದೆನೆಂದು ಆಣೆ ಇಟ್ಟರು.
ಫೋನಿನಲ್ಲಿ ಒಂದು, ಏಳು ಎರಡೂ ಅವಳ ಕಣ್ಣಿಗೆ ಒಂದೇ ಕಡ್ಡಿ.
ಆಮೇಲೆ ಕರೆಂಟು ಬಿಲ್ಲು, ಪಹಣಿ, ಭಾನುವಾರಕ್ಕೊಂದು ಹಳೇ ಸಿನಿಮಾ.
ಅಷ್ಟೆ.

ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಬೇಡ, ಅಂದಳು.
ಬೇಡದ್ದನ್ನು ಮೊದಲು ಹೇಳುವ ಅಂಗಡಿಯವರನ್ನು
ನಾನು ಕಂಡಿದ್ದು ಇದೇ ಮೊದಲು.

ಪ್ರೊಸೆಸರ್ ಸೆಕೆಂಡ್ಸು, ಯಾವುದೋ ಆಫೀಸು ಬಿಟ್ಟು ಬಂದದ್ದು.
"ಅಲ್ಲೂ ಬರೀ ಲೆಕ್ಕಾನೇ ಮಾಡಿರೋದು, ಸವೆದಿಲ್ಲ."
ಅದು ಕೂರುವ ಮದರ್‌ಬೋರ್ಡ್ ಹುಡುಕಬೇಕು;
ಆ ಕಂಪನಿಯದು ಈ ಮನೆಗೆ ಕೂರಲ್ಲ,
ಒಂದೇ ಕಂಪನಿ ಆದರೂ ವರ್ಷ ತಪ್ಪಿದರೆ ಕೂರಲ್ಲ.
ಗೋತ್ರ, ನಕ್ಷತ್ರ ಎರಡೂ ನೋಡ್ತೀಯಲ್ಲಮ್ಮ, ಅಂದೆ.
ಅವಳು ನಕ್ಕು, ಫೂ ಎಂದು ದೂಳು ಊದಿದಳು.

ರ್‍ಯಾಮ್ ಎಂದರೆ ಸೀಟು. ಅರ್ಥವಾಯಿತು.
ನಾಲ್ಕು ಸಾಕೇನೋ ಅಂದೆ.
"ಸಂತೆ ದಿನ ನೆನೆಸ್ಕೊಳ್ಳಿ" ಅಂದಳು.
ಎಂಟು ಹಾಕಿಸಿದೆ.
ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಹಾಕೋಣ, ಚಿಕ್ಕದಾದರೂ ಚುರುಕು,
ಎಂದಾಗ ನನ್ನ ಬಸ್ಸಿನ ಲೆಕ್ಕ ಕೆಟ್ಟಿತು.
ಟಾಪಿನ ಮೇಲೆ ಜಾಗ ಕಡಿಮೆಯಾದರೆ ಬಸ್ಸು ಬೇಗ ಹೊರಡುತ್ತದೆಯೇ?
ಹೊರಡುತ್ತದೆ, ಯೋಚಿಸಿದರೆ.
ಟೊಮೆಟೊ ಕ್ರೇಟು ಏರಿಸುವ ಹೊತ್ತು ಉಳಿಯಿತಲ್ಲ.

ಒಂದೇ ಒಂದು ಕಡೆ ಜಗಳವಾಯಿತು.
ಎಸ್‌ಎಂಪಿಎಸ್. ಆರುನೂರಕ್ಕೂ ಇದೆ, ಸಾವಿರದ ಏಳುನೂರಕ್ಕೂ ಇದೆ;
ನೋಡಿದರೆ ಎರಡೂ ತಗಡಿನ ಡಬ್ಬಿ.
ಆರುನೂರರದು ಕೊಡು ಅಂದೆ.
ಕೊಡಲ್ಲ ಅಂದಳು.
ದುಡ್ಡು ನನ್ನದು ಅಂದೆ.
"ಗಾಳಿ ಎದ್ದ ದಿನ ನಿಮ್ಮೂರಲ್ಲಿ ಕರೆಂಟು ಹೆಂಗೆ ಬರುತ್ತೆ?"
ಬೋರಿನ ಮೋಟರು ಎರಡು ಸಲ ಸುಟ್ಟದ್ದು ನೆನಪಾಗಿ
ಬಾಯಿ ಮುಚ್ಚಿಕೊಂಡೆ.
ಆ ದುಡ್ಡನ್ನು ಕ್ಯಾಬಿನೆಟ್ಟಿನಲ್ಲಿ ಉಳಿಸಿದೆವು:
ಬಣ್ಣದ ದೀಪವಿಲ್ಲ, ಗಾಜಿಲ್ಲ, ಮೂಲೆಯಲ್ಲೊಂದು ನೆಗ್ಗು.
ನೆಗ್ಗಿಲ್ಲದ ಬಸ್ಸು ನಮ್ಮ ಡಿಪೋದಲ್ಲಿ ಒಂದೂ ಇರಲಿಲ್ಲ.

ಮಾನಿಟರು ಮುಚ್ಚಿಹೋದ ಸೈಬರ್ ಸೆಂಟರಿನದು.
ಅಂಚಿನಲ್ಲಿ ಸ್ಟಿಕ್ಕರು ಇನ್ನೂ ಇದೆ: ಗಂಟೆಗೆ ಹದಿನೈದು ರೂಪಾಯಿ.
ಕೀಳಹೋದವಳನ್ನು ತಡೆದೆ. ಇರಲಿ,
ಮುನಿರತ್ನಮ್ಮ ಗಂಟೆಗಟ್ಟಲೆ ಕೂತರೆ ವಸೂಲಿಗೆ ನಾನಿದ್ದೇನೆ.

ಕೊನೆಯ ಸ್ಕ್ರೂ ಬಿಗಿದು, ಗುಂಡಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು.
ಬಾಯಿ ತಾನಾಗಿ ಅಂದಿತು: ರೈಟ್.
ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು.
"ಹೋಲ್ಡಾನ್!" ಅಂದಳು. ಕೇಬಲ್ ಸಿಕ್ಕಿಸುವುದು ಮರೆತಿದ್ದಳು.

ಒಟ್ಟು ಹದಿನೆಂಟು ಸಾವಿರದ ನಾನೂರ ಅರವತ್ತು.
ನನ್ನಲ್ಲಿರುವುದೆಲ್ಲ ಐನೂರರ ನೋಟು, ನಲವತ್ತು ವಾಪಸು ಬರಬೇಕು.
ಗಲ್ಲಾದಲ್ಲಿ ಚಿಲ್ಲರೆ ಇಲ್ಲ.
ಬಿಲ್ಲು ತಿರುಗಿಸಿ, ಹಿಂದೆ ನಲವತ್ತು ಎಂದು ಬರೆದು,
ಸುತ್ತ ಒಂದು ಗೆರೆ ಎಳೆದು ಕೊಟ್ಟಳು.

ಎಷ್ಟು ಟಿಕೆಟ್ಟುಗಳ ಬೆನ್ನಿಗೆ ಹೀಗೆ ಬರೆದಿದ್ದೇನೋ,
ಇಳಿಯುವಾಗ ಇಸ್ಕೊಳ್ಳಿ ಅಂದಿದ್ದೇನೋ.
ಕೈವಾರ ಕ್ರಾಸಿನಲ್ಲಿ ಒಬ್ಬಳು, ಕೋಳಿಮರಿಯ ಬುಟ್ಟಿಯವಳು,
ಅವಸರದಲ್ಲಿ ಇಳಿದೇ ಬಿಟ್ಟಳು. ಮೂರೂವರೆ ರೂಪಾಯಿ.
ಕರೆಯಬಹುದಿತ್ತು. ವಿಷಲ್ಲು ನನ್ನ ಬಾಯಲ್ಲೇ ಇತ್ತು.
ಊದಿದೆ, ಬಸ್ಸು ಹೊರಡಲಿ ಎಂದು.

ಬಿಲ್ಲು ಮಡಚಿ ಚೀಲದ ಒಳಜೇಬಿಗೆ ಹಾಕಿದೆ.
ನಾಳೆ ಬಂದು ಇಸ್ಕೊಳ್ಳುವುದೋ ಬೇಡವೋ.
ಆಟೋದಲ್ಲಿ ಮಾನಿಟರನ್ನು ಮಗುವಿನ ಹಾಗೆ ತೊಡೆಮೇಲೆ ಕೂರಿಸಿಕೊಂಡರೆ
ಡ್ರೈವರು ಹಿಂತಿರುಗಿ ಕೇಳಿದ:
ಅದಕ್ಕೂ ಅರ್ಧ ಟಿಕೆಟ್ಟಾ, ಕಂಡಕ್ಟರೇ?